ಮಿಲ್ಲನ್ನೇ ಮರದ ಬಳಿಗೆ ಒಯ್ಯುವುದಾದರೆ: ಪೋರ್ಟಬಲ್ ಬ್ಯಾಂಡ್‌ಸಾ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಕಾಫಿ ತೋಟದ ರಸ್ತೆ ಬದಿಯಲ್ಲಿ ಸಿಲ್ವರ್ ಓಕ್ ದಿಮ್ಮಿಗಳನ್ನು ಒಟ್ಟಿ ಲಾರಿಗೆ ಕಾಯುವುದು ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯವರಿಗೆ ಹೊಸ ನೋಟವಲ್ಲ. ಆ ರಾಶಿಯ ಹತ್ತಿರ ಹತ್ತು ನಿಮಿಷ ನಿಂತರೆ ವ್ಯಾಪಾರದ ಸಂಕಟ ಅರ್ಥವಾಗುತ್ತದೆ. ಹತ್ತಿಸುವ ಕೂಲಿ, ಲಾರಿ ಬಾಡಿಗೆ, ಇಳಿಸುವ ಕೂಲಿ, ಸಾ ಮಿಲ್ಲಿನಲ್ಲಿ ಸರದಿ. ಇಷ್ಟೆಲ್ಲ ಕೊಟ್ಟು ಸಾಗಿಸುವ ದಿಮ್ಮಿಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಹೊರಹಲಗೆಯಾಗಿ, ಹೊಟ್ಟಾಗಿ ಹೋಗುತ್ತದೆ. ಸೌದೆಗೆ ಲಾರಿ ಬಾಡಿಗೆ ಕೊಟ್ಟಂತಾಯಿತು. ಮಿಲ್ಲನ್ನೇ ಮರದ ಬುಡಕ್ಕೆ ತಂದರೆ ಹೇಗೆ ಎಂಬ ಆಸೆ ಹುಟ್ಟುವುದು ಅಲ್ಲೇ.

ಪೋರ್ಟಬಲ್ ಬ್ಯಾಂಡ್‌ಸಾ ಮಿಲ್ ಎಂದರೆ ಊರ ಸಾ ಮಿಲ್ಲನ್ನು ಚಿಕ್ಕದು ಮಾಡಿ ಚಕ್ರ ಜೋಡಿಸಿದ್ದಲ್ಲ, ಕೆಲಸದ ರೀತಿಯೇ ಬೇರೆ. ಊರ ಮಿಲ್ಲಿನಲ್ಲಿ ಗರಗಸ ನೆಟ್ಟಗೆ ನಿಂತಿರುತ್ತದೆ, ಟ್ರಾಲಿಯ ಮೇಲೆ ದಿಮ್ಮಿ ಅದರತ್ತ ಹೋಗುತ್ತದೆ. ಇಲ್ಲಿ ದಿಮ್ಮಿ ಮಲಗಿದಲ್ಲೇ ಮಲಗಿರುತ್ತದೆ, ಎರಡು ಚಕ್ರಗಳ ನಡುವೆ ಅಡ್ಡಕ್ಕೆ ಬಿಗಿದ, ಪಟ್ಟಿಯಂತೆ ಸುತ್ತುವ ಒಂದೂಕಾಲು ಇಂಚು ಅಗಲದ ತೆಳು ಬ್ಲೇಡನ್ನು ಹೊತ್ತ ತಲೆ ಹಳಿಗಳ ಮೇಲೆ ಸಾಗುತ್ತದೆ. ಅಮೆರಿಕದ ವುಡ್‌ಮೈಜರ್, ಕೆನಡಾದ ನಾರ್ವುಡ್, ಸ್ವೀಡನ್ನಿನ ಲೋಗೊಸೋಲ್ ಈ ಬಗೆಯ ಯಂತ್ರಗಳಿಗೆ ಹೆಸರಾದವು. ಅದೇ ಮಾದರಿ ಹಿಡಿದು ಇಲ್ಲಿಯೇ ಕಟ್ಟಿಕೊಡುವ ವರ್ಕ್‌ಶಾಪ್‌ಗಳೂ ಇವೆ.

ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಈ ಯಂತ್ರ ದಿನದಲ್ಲಿ ನಿಜವಾಗಿ ಮರ ಕೊಯ್ಯುವ ಹೊತ್ತು ಕಡಿಮೆ. ಉಳಿದ ಹೊತ್ತೆಲ್ಲ ದಿಮ್ಮಿ ಹತ್ತಿಸುವುದು, ಹೊರಳಿಸುವುದು, ಹಲಗೆ ಎತ್ತಿಡುವುದು, ಬ್ಲೇಡು ಬದಲಿಸುವುದರಲ್ಲೇ ಕಳೆಯುತ್ತದೆ. ಆಯ್ಕೆ ಮಾಡಬೇಕಾದ್ದು ಆ ಹೊತ್ತಿಗಾಗಿ.

ಹಂತ 1: ಯಂತ್ರಕ್ಕೆ ಮುಂಚೆ ಅರಣ್ಯ ಇಲಾಖೆ

‘ಇದಕ್ಕೆ ಚಕ್ರ ಇದೆ, ಕಟ್ಟಡ ಇಲ್ಲ, ಹಾಗಾಗಿ ಲೈಸೆನ್ಸ್ ಬೇಕಿಲ್ಲ’ ಎಂದು ಮಾರುವವರು ಹೇಳಿದರೆ ಆ ಮಾತನ್ನು ಬರಹದಲ್ಲಿ ಕೊಡಿ ಎನ್ನಿ. ಕೊಡುವುದಿಲ್ಲ. ಅರಣ್ಯ ರಕ್ಷಣೆ ಕುರಿತ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶ, ಅದರ ಬೆನ್ನಿಗೆ ಬಂದ ಆದೇಶಗಳು, 2016ರಲ್ಲಿ ಕೇಂದ್ರ ಹೊರಡಿಸಿದ ಮರ ಆಧಾರಿತ ಕೈಗಾರಿಕೆಗಳ ಮಾರ್ಗಸೂಚಿ, ಇವುಗಳಿಂದಾಗಿ ಹೊಸ ಸಾ ಮಿಲ್ ತೆರೆಯುವುದು ದೇಶದಲ್ಲೆಲ್ಲೂ ಅಂಗಡಿ ತೆರೆದಷ್ಟು ಸಲೀಸಲ್ಲ. ರಾಜ್ಯ ಮಟ್ಟದ ಸಮಿತಿ ನೋಡಬೇಕು, ಅರಣ್ಯದ ಗಡಿಯಿಂದ ಎಷ್ಟು ದೂರ ಎಂಬ ಲೆಕ್ಕ ಬರುತ್ತದೆ. ಮಲೆನಾಡಿನಲ್ಲಿ ಆ ದೂರವೇ ದೊಡ್ಡ ತೊಡಕು.

ಹಾಗಾಗಿ ಮಾಡಬೇಕಾದ್ದು ಹೀಗೆ. ಕೊಳ್ಳಬೇಕೆಂದಿರುವ ಮಾದರಿಯ ಕ್ಯಾಟಲಾಗ್, ಕೊಯ್ಯುವ ಮರಗಳ ಹೆಸರು, ಕೆಲಸ ಮಾಡುವ ತಾಲ್ಲೂಕುಗಳು, ಇಷ್ಟನ್ನೂ ಬರೆದು ನಿಮ್ಮ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಅರ್ಜಿ ಕೊಡಿ, ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ. ಅದು ಬರುವವರೆಗೆ ಮುಂಗಡ ಕೊಡಬೇಡಿ. ಬ್ಯಾಂಕಿನವರೂ ಸಾಲಕ್ಕೆ ಮೊದಲು ಕೇಳುವುದು ಅದೇ ಕಾಗದ. ಈಗಾಗಲೇ ಲೈಸೆನ್ಸ್ ಇರುವ ಸಾ ಮಿಲ್ ಮಾಲೀಕರ ಜೊತೆ ಪಾಲುದಾರಿಕೆಗೆ ದಾರಿ ಇದೆಯೇ ಎಂದು ಅದೇ ಭೇಟಿಯಲ್ಲಿ ಕೇಳಿಬಿಡಿ.

ಮರದ ಕಾಗದ ಬೇರೆ, ಮಿಲ್ಲಿನ ಕಾಗದ ಬೇರೆ. ಸಿಲ್ವರ್ ಓಕ್, ರಬ್ಬರ್, ನೀಲಗಿರಿ, ಸರ್ವೆಯಂಥ ಕೆಲವು ಮರಗಳನ್ನು ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ವಿನಾಯಿತಿ ಕೊಟ್ಟಿದೆ. ತೇಗ, ಬೀಟೆ, ಶ್ರೀಗಂಧದ ಮಾತೇ ಬೇರೆ. ಸಾಗಣೆಯ ಪಾಸ್ ಯಾವುದಕ್ಕೆ ಬೇಕು ಎಂಬುದನ್ನು ರೇಂಜ್ ಕಚೇರಿಯಲ್ಲಿ ಮರದ ಜಾತಿ ಹೇಳಿಯೇ ವಿಚಾರಿಸಿ, ಪಟ್ಟಿ ಆಗಾಗ ತಿದ್ದುಪಡಿಯಾಗುತ್ತದೆ. ಕೊಡಗಿನಲ್ಲಾದರೆ ಬಾಣೆ ಜಮೀನು (ಗದ್ದೆಯ ಜೊತೆಗೆ ಕೊಟ್ಟ ಕಾಡುಜಾಗ) ರಿಡೀಮ್ ಆಗಿದೆಯೇ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದೆಯೇ ಇಲ್ಲವೇ ಎಂದೂ ಕೇಳಬೇಕು, ಮರದ ಹಕ್ಕು ಯಾರದು ಎಂಬುದು ಅದರ ಮೇಲೆ ನಿಂತಿದೆ. ಬೇರೆಯವರ ಅಂಗಳಕ್ಕೆ ಹೋಗಿ ಕೊಯ್ಯುವ ಕಸುಬು ಇದು. ಅಲ್ಲಿ ಬಿದ್ದಿರುವ ದಿಮ್ಮಿಗೆ ಕಾಗದ ಇಲ್ಲದಿದ್ದರೆ ಮರದ ಜೊತೆ ನಿಮ್ಮ ಯಂತ್ರವೂ ಜಪ್ತಿಯಾಗಬಹುದು. ಕಾಗದದ ಫೋಟೊ ಮೊಬೈಲಿಗೆ ಬರುವವರೆಗೆ ಗಾಡಿ ಹೊರಡಿಸಬಾರದು.

ಹಂತ 2: ಟೇಪು ಹಿಡಿದು ಒಂದು ವಾರ

ಮುಂದಿನ ಕೆಲಸ ಶೋರೂಮಿನಲ್ಲಲ್ಲ, ನಿಮ್ಮ ಸುತ್ತಮುತ್ತಲ ತೋಟಗಳಲ್ಲಿ. ಐವತ್ತು ಅರವತ್ತು ದಿಮ್ಮಿಗಳ ಸುತ್ತಳತೆ, ಉದ್ದ, ಜಾತಿ ಬರೆದುಕೊಳ್ಳಿ. ನಮ್ಮಲ್ಲಿ ನಾಟಾ (ಕೊಯ್ಯುವ ಮರದ) ಲೆಕ್ಕ ನಡೆಯುವುದು ಸುತ್ತಳತೆಯಲ್ಲಿ, ಯಂತ್ರದ ಕ್ಯಾಟಲಾಗ್ ಮಾತಾಡುವುದು ವ್ಯಾಸದಲ್ಲಿ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ನಾಲ್ಕೂವರೆ ಅಡಿ ಸುತ್ತಳತೆಯ ಸಿಲ್ವರ್, ಅಂದರೆ 54 ಇಂಚು, ಸುಮಾರು 17 ಇಂಚು ವ್ಯಾಸ. ಆರು ಅಡಿಯ ಹಲಸು 23 ಇಂಚಿನ ಹತ್ತಿರ. ಬುಡದ ಉಬ್ಬು, ಡೊಂಕು ಸೇರಿದರೆ ಇನ್ನೂ ಮೂರು ನಾಲ್ಕು ಇಂಚು ಜಾಗ ಬೇಕು.

ತೋಟದ ಸಿಲ್ವರ್, ಅಕೇಶಿಯಾ, ನೀಲಗಿರಿಯೇ ನಿಮ್ಮ ಮುಖ್ಯ ಮಾಲು ಎಂದಾದರೆ 26ರಿಂದ 28 ಇಂಚಿನ ಯಂತ್ರ ಧಾರಾಳ ಸಾಕು. ವರ್ಷಕ್ಕೆ ನಾಲ್ಕು ಬರುವ ದೈತ್ಯ ಮಾವಿನ ಮರಕ್ಕಾಗಿ 36 ಇಂಚಿನದನ್ನು ಕೊಂಡು ವರ್ಷವಿಡೀ ಅದರ ಭಾರ ಎಳೆದಾಡುವುದು ಮದುವೆಗೆಂದು ಹೊಲಿಸಿದ ಕೋಟು ತೊಟ್ಟು ಗದ್ದೆಗಿಳಿದ ಹಾಗೆ. ಅಂಥ ದಿಮ್ಮಿಯನ್ನು ಚೈನ್‌ಸಾಗೆ ಜೋಡಿಸುವ ಚೌಕಟ್ಟಿನಿಂದ ಎರಡು ಸೀಳು ಮಾಡಿ ಆಮೇಲೆ ಯಂತ್ರದ ಬೆಡ್ಡಿನ (ದಿಮ್ಮಿ ಮಲಗಿಸುವ ಹಾಸಿನ) ಮೇಲಿಡಬಹುದು. ಟೇಬಲ್ಲಿಗೆ ಅಗಲ ಹಲಗೆ ಬೇಕೆನ್ನುವ ಗಿರಾಕಿಗಳೇ ನಿಮ್ಮವರಾದರೆ ಮಾತು ಬೇರೆ, ಆಗ ಅಗಲವೇ ನಿಮ್ಮ ಬಂಡವಾಳ.

ಕ್ಯಾಟಲಾಗಿನಲ್ಲಿ ಒಂದು ಜಾಣತನ ಇರುತ್ತದೆ. ‘28 ಇಂಚು’ ಎಂದರೆ ಅಷ್ಟು ದಪ್ಪದ ದಿಮ್ಮಿ ಒಳಗೆ ತೂರುತ್ತದೆ ಎಂದಷ್ಟೇ ಅರ್ಥ. ಬ್ಲೇಡು ಅಲುಗದಂತೆ ಹಿಡಿಯುವ ಎರಡು ಗೈಡ್‌ಗಳ ನಡುವಿನ ಅಗಲ ಅದಕ್ಕಿಂತ ಕಡಿಮೆ ಇರಬಹುದು, ಬ್ಲೇಡಿನ ಮೇಲೆ ತಲೆಯ ಅಡಿಗೆ ಸಿಗುವ ಎತ್ತರ ಇನ್ನೂ ಕಡಿಮೆ. ಹೀಗಾಗಿ ಮೂರು ಅಳತೆ ಬೇರೆಬೇರೆಯಾಗಿ ಕೇಳಿ: ದಿಮ್ಮಿಯ ಗರಿಷ್ಠ ವ್ಯಾಸ, ಹಲಗೆಯ ಗರಿಷ್ಠ ಅಗಲ, ಬ್ಲೇಡಿನ ಮೇಲಿನ ಆಳ.

ಉದ್ದಕ್ಕೆ ಗಿರಾಕಿಯೇ ಅಳತೆಗೋಲು. ಬಾಗಿಲ ಚೌಕಟ್ಟಿಗೆ ಏಳು ಅಡಿ ಸಾಕು, ಪಕಾಸಿಗೆ ಹನ್ನೆರಡು ಹದಿನಾಲ್ಕು ಬೇಕಾದೀತು. ಬೆಡ್ ಚಿಕ್ಕದಾದರೂ ತುಂಡು ಜೋಡಿಸಿ ಉದ್ದ ಮಾಡಿಕೊಳ್ಳುವ ಮಾದರಿಗಳಿವೆ. ಜೋಡಿಸಿದ ಹಳಿಯ ಸಂದಿಯಲ್ಲಿ ಬೆರಳಾಡಿಸಿ ನೋಡಿ. ಅಲ್ಲಿ ಏಣು ಸಿಕ್ಕಿದರೆ ಅದು ಪ್ರತಿ ಹಲಗೆಯ ಮೇಲೂ ಅದೇ ಜಾಗದಲ್ಲಿ ಗೆರೆಯಾಗಿ ಮೂಡುತ್ತದೆ.

ಹಂತ 3: ಬ್ಲೇಡಿನ ದಾರಿಯಲ್ಲಿ ಹೋಗುವ ಮರ

ನಾಟಾ ವ್ಯಾಪಾರದ ಹಳೆಯ ಸೂತ್ರ ಎಲ್ಲರಿಗೂ ಬಾಯಿಪಾಠ: ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸು. 48 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ ಸರಿಯಾಗಿ 10 ಸಿಎಫ್‌ಟಿ, ಅಂದರೆ ಘನ ಅಡಿ. ದುಂಡು ಮರದ ನಿಜ ಗಾತ್ರ ಲೆಕ್ಕ ಹಾಕಿದರೆ ಅದು 12.73 ಘನ ಅಡಿ. ಅಂದರೆ ಸೂತ್ರವೇ ಸುಮಾರು ಐದರಲ್ಲೊಂದು ಪಾಲನ್ನು ಕೊಳ್ಳುವವನಿಗೆ ಬಿಟ್ಟುಕೊಟ್ಟಿರುತ್ತದೆ. ‘ನಮ್ಮ ಯಂತ್ರದಲ್ಲಿ ಶೇ. 70 ಮಾಲು ಸಿಗುತ್ತದೆ’ ಎಂದು ಯಾರಾದರೂ ಹೇಳಿದರೆ, ಯಾವ ಅಳತೆಯ ಶೇ. 70 ಎಂದು ಕೇಳಿ. 12.73ರಲ್ಲಿ 7 ಘನ ಅಡಿ ಸಿಕ್ಕಿದರೆ ಅದು ಶೇ. 55, ಅದೇ 7 ಅಡಿ ನಾಟಾ ಲೆಕ್ಕದಲ್ಲಿ ಶೇ. 70 ಆಗಿ ಹೊಳೆಯುತ್ತದೆ.

ತೆಳು ಬ್ಲೇಡಿನ ನಿಜವಾದ ಲಾಭ ಇಲ್ಲಿದೆ. 300 ಮಿಲಿಮೀಟರ್ ದಪ್ಪದ ಚೌಕ ತೊಲೆಯಿಂದ 25 ಮಿಲಿಮೀಟರಿನ ಹಲಗೆ ತೆಗೆಯಬೇಕು ಎನ್ನಿ. ಒಂದೊಂದು ಸೀಳಿಗೂ ಎರಡೂವರೆ ಮಿಲಿಮೀಟರ್ ಹೊಟ್ಟಾದರೆ ಹನ್ನೊಂದು ಹಲಗೆ, ಹತ್ತು ಸೀಳು, ಲೆಕ್ಕ ಕೂದಲೆಳೆಯಷ್ಟೂ ಮಿಗದೆ ಕೂಡುತ್ತದೆ. ಆರು ಮಿಲಿಮೀಟರ್ ತಿನ್ನುವ ವೃತ್ತ ಗರಗಸದಲ್ಲಿ ಒಂಬತ್ತೇ ಪೂರ್ತಿ ಹಲಗೆ, ಹತ್ತನೆಯದು ತೆಳುವಾಗಿ ಹಾಳು. ಊರ ಮಿಲ್ಲಿನ ಅಗಲ ಬ್ಲೇಡಿಗೆ ಹೋಲಿಸಿದರೆ ಅಂತರ ಇಷ್ಟು ದೊಡ್ಡದಿರುವುದಿಲ್ಲ, ಅದನ್ನೂ ಹೇಳಿಬಿಡಬೇಕು. ತೆಳು ಬ್ಲೇಡು ತೆಳು ಮಾಲಿಗೆ ಮಾತ್ರ ಲಾಭ. ನಾಲ್ಕಿಂಚು ಐದಿಂಚಿನ ತೊಲೆ ಮಾತ್ರ ಮಾಡುವವರಿಗೆ ಸೀಳುಗಳೇ ಕಡಿಮೆ, ಉಳಿತಾಯವೂ ಕಡಿಮೆ. ನಿಮ್ಮ ಆರ್ಡರ್ ಪುಸ್ತಕದಲ್ಲಿ ರೀಪು, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಎಷ್ಟು, ದಪ್ಪ ಮಾಲು ಎಷ್ಟು ಎಂದು ಒಮ್ಮೆ ಎಣಿಸಿ.

ಹಂತ 4: ದಿಮ್ಮಿ ಹತ್ತಿಸುವವರು ಯಾರು?

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ. 18 ಇಂಚು ವ್ಯಾಸ, 12 ಅಡಿ ಉದ್ದದ ಹಸಿ ದಿಮ್ಮಿಯ ಗಾತ್ರ 21 ಘನ ಅಡಿ, ಅಂದರೆ 0.6 ಘನ ಮೀಟರ್. ಹಸಿ ಮರದ ತೂಕವನ್ನು ಘನ ಮೀಟರಿಗೆ 900 ಕೆಜಿ ಎಂದು ಹಿಡಿದರೂ 540 ಕೆಜಿ. ಇದನ್ನು ಮಂಡಿಯೆತ್ತರದ ಬೆಡ್ಡಿಗೆ ಹತ್ತಿಸಬೇಕು, ಹತ್ತಿಸಿದ ಮೇಲೆ ಕನಿಷ್ಠ ಮೂರು ಸಲ ಹೊರಳಿಸಬೇಕು. ದಿನಕ್ಕೆ ಎಂಟು ದಿಮ್ಮಿ ಎಂದರೆ ನಾಲ್ಕು ಟನ್ನಿಗೂ ಮೇಲೆ. ಹಾರೆ ಹಿಡಿದ ಇಬ್ಬರು ಮೊದಲ ದಿನ ಉಮೇದಿನಿಂದ ಮಾಡುತ್ತಾರೆ, ನಾಲ್ಕನೆಯ ದಿನ ಒಬ್ಬನೇ ಬರುತ್ತಾನೆ.

ನಮ್ಮ ಮರಗಳ ಗುಣವೂ ಇಲ್ಲಿ ಸೇರಿಕೊಳ್ಳುತ್ತದೆ. ನೀಲಗಿರಿ, ಅಕೇಶಿಯಾ, ಸ್ವಲ್ಪ ಮಟ್ಟಿಗೆ ಸಿಲ್ವರ್ ಕೂಡ ಬೆಳೆಯುವಾಗಲೇ ಒಳಗೊಳಗೆ ಬಿಗಿದುಕೊಂಡಿರುತ್ತವೆ. ಒಂದೇ ಬದಿಯಿಂದ ಹಲಗೆ ತೆಗೆಯುತ್ತ ಹೋದರೆ ಬಿಗಿ ಬಿಚ್ಚಿಕೊಂಡು ಉಳಿದ ದಿಮ್ಮಿ ಬಿಲ್ಲಿನಂತೆ ಬಾಗುತ್ತದೆ, ನಡುವೆ ದಪ್ಪ ತುದಿಯಲ್ಲಿ ತೆಳು ಹಲಗೆ ಬರುತ್ತದೆ, ಕೆಲವೊಮ್ಮೆ ಸೀಳು ಮುಚ್ಚಿಕೊಂಡು ಬ್ಲೇಡನ್ನೇ ಕಚ್ಚಿ ಹಿಡಿಯುತ್ತದೆ. ಪರಿಹಾರ ಒಂದೇ: ಈ ಬದಿ ಒಂದೆರಡು ಹಲಗೆ, ಹೊರಳಿಸಿ ಆ ಬದಿ ಒಂದೆರಡು, ಮತ್ತೆ ಹೊರಳಿಸು. ಹೊರಳಿಸುವುದು ಕಷ್ಟವಾದ ಯಂತ್ರದಲ್ಲಿ ಕೆಲಸಗಾರ ಇದನ್ನು ಮಾಡುವುದಿಲ್ಲ, ನೀವು ಎಷ್ಟು ಹೇಳಿದರೂ. ಹಲಗೆ ಡೊಂಕಾದಾಗ ಬೈಯಿಸಿಕೊಳ್ಳುವುದು ಬ್ಲೇಡು!

ಹಾಗಾಗಿ ಕೈಯಲ್ಲಿರುವ ದುಡ್ಡನ್ನು ಹಂಚುವಾಗ ದೊಡ್ಡ ಎಂಜಿನ್ನಿಗಿಂತ ದಿಮ್ಮಿ ಹೊರಳಿಸುವ ವ್ಯವಸ್ಥೆಗೆ ಮೊದಲ ಮಣೆ ಹಾಕಿ. ಹೈಡ್ರಾಲಿಕ್ ಕೈಗಳಿರುವ ಮಾದರಿ ದುಬಾರಿ, ಭಾರ, ರಿಪೇರಿಯೂ ಹೆಚ್ಚು. ದಿನವೂ ಕೆಲಸ ಇರುವವರಿಗೆ ಮಾತ್ರ ಅದು ಗಿಟ್ಟುತ್ತದೆ. ನಡುವಿನ ದಾರಿ ಎಂದರೆ ಎರಡು ಇಳಿಜಾರು ಕಬ್ಬಿಣದ ತೊಲೆ, ಕೈ ವಿಂಚ್, ಹೊರಳಿಸುವುದಕ್ಕೆ ಕೊಕ್ಕೆಯಿರುವ ಉದ್ದ ಹಿಡಿಯ ಸನ್ನೆಕೋಲು. ಮಲೆನಾಡಿನಲ್ಲಿ ಇನ್ನೂ ಅಗ್ಗದ ಉಪಾಯ ಇದೆ, ಅದು ಇಳಿಜಾರು. ಯಂತ್ರವನ್ನು ದಿಮ್ಮಿ ರಾಶಿಯ ಕೆಳಗಡೆ ನಿಲ್ಲಿಸಿ, ರಾಶಿಗೂ ಬೆಡ್ಡಿಗೂ ಎರಡು ಗಟ್ಟಿ ತೊಲೆ ಹಾಸಿದರೆ ದಿಮ್ಮಿ ತಾನಾಗಿ ಉರುಳಿ ಬರುತ್ತದೆ. ತಾನಾಗಿ ಉರುಳಿ ಬರುವ ದಿಮ್ಮಿಯ ಮುಂದೆ ಯಾರೂ ನಿಲ್ಲದ ಹಾಗೆ, ತಡೆಗೆ ಬೆಣೆ ಇಟ್ಟುಕೊಂಡೇ ಇದನ್ನು ಮಾಡಬೇಕು.

ಹಂತ 5: ಪೆಟ್ರೋಲೋ, ಡೀಸೆಲ್ಲೋ, ಕರೆಂಟೋ

ನಿಜವಾಗಿ ತೋಟದಿಂದ ತೋಟಕ್ಕೆ ಹೋಗುವವರಿಗೆ ಎಂಜಿನ್ನೇ ಗತಿ. ಕೈಯಿಂದ ತಳ್ಳುವ ಯಂತ್ರಕ್ಕೆ 13ರಿಂದ 15 ಎಚ್‌ಪಿ ಪೆಟ್ರೋಲ್ ಎಂಜಿನ್ ಸಾಕಷ್ಟು ಕೆಲಸ ಮಾಡುತ್ತದೆ. ಹೆಚ್ಚು ಎಚ್‌ಪಿ ಎಂದರೆ ಹೆಚ್ಚು ದಪ್ಪದ ಮರ ಎಂದಲ್ಲ, ಅದೇ ಮರದಲ್ಲಿ ಹೆಚ್ಚು ವೇಗ ಎಂದು. ದಿಮ್ಮಿ ಹೊರಳಿಸಲು ಹತ್ತು ನಿಮಿಷ ಹಿಡಿಯುವವರಿಗೆ ಸೀಳು ಅರ್ಧ ನಿಮಿಷ ಬೇಗ ಮುಗಿದು ಆಗುವುದೇನು? ಡೀಸೆಲ್ ಎಂಜಿನ್ ಇಂಧನದಲ್ಲಿ ಉಳಿಸುತ್ತದೆ, ಹಳ್ಳಿಯ ಮೆಕ್ಯಾನಿಕ್‌ಗೂ ಪರಿಚಿತ. ಅದರ ಭಾರ, ನಡುಕ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಯಂತ್ರ ವರ್ಷದಲ್ಲಿ ಹತ್ತು ತಿಂಗಳು ಒಂದೇ ಯಾರ್ಡಿನಲ್ಲಿ ನಿಲ್ಲುವುದಾದರೆ ಕರೆಂಟಿನ ಮುಂದೆ ಇನ್ನೊಂದಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, 10 ಎಚ್‌ಪಿ ಮೋಟಾರು ಪೂರ್ತಿ ಭಾರದಲ್ಲಿ ಗಂಟೆಗೆ ಎಂಟು ಯೂನಿಟ್ಟಿನ ಆಸುಪಾಸು ತಿನ್ನುತ್ತದೆ. ಆದರೆ ತ್ರೀ ಫೇಸ್ ಎಲ್ಲಿಂದ? ತೋಟದ ಪಂಪ್‌ಸೆಟ್ ಲೈನಿನಿಂದ ಎಳೆದುಕೊಳ್ಳುವ ಯೋಚನೆ ಬಿಡಿ. ನೀರಾವರಿ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಬಳಸಿದರೂ ತ್ರೀ ಫೇಸ್ ಬರುವ ಹೊತ್ತಿನಲ್ಲಿ ನಿಮ್ಮ ಕೆಲಸಗಾರರು ಇರಬೇಕಲ್ಲ. ಕೈಗಾರಿಕೆ ಸಂಪರ್ಕಕ್ಕೆ ಅರ್ಜಿ ಹಾಕಿ, ಕಂಬದಿಂದ ದೂರ ಎಷ್ಟು ಎಂದು ಲೈನ್‌ಮನ್ ಬಳಿ ವಿಚಾರಿಸಿ, ಖರ್ಚಿನ ಅಂದಾಜು ಪಡೆಯಿರಿ. ಮೂರರಲ್ಲಿ ಒಂದು ಫೇಸ್ ಹೋದಾಗ ಮೋಟಾರು ಸುಡದಂತೆ ಫೇಸ್ ಫೇಲ್ಯೂರ್ ರಕ್ಷಣೆ ಇರಲೇಬೇಕು. ಜನರೇಟರ್ ನೆಚ್ಚಿಕೊಳ್ಳುವವರು ಮೋಟಾರು ಶುರುವಾಗುವ ಕ್ಷಣದ ಎಳೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಸಾಫ್ಟ್ ಸ್ಟಾರ್ಟರ್ ಹಾಕಿಸಿದರೆ ಚಿಕ್ಕ ಜನರೇಟರಿನಲ್ಲಿ ಸಾಗುತ್ತದೆ.

ಹಂತ 6: ಬ್ಲೇಡು, ಅಂದರೆ ನಿಜವಾದ ಖರ್ಚು

ಯಂತ್ರ ಒಮ್ಮೆ ಕೊಂಡರೆ ಮುಗಿಯಿತು, ಬ್ಲೇಡು ಪ್ರತಿ ತಿಂಗಳ ರೇಷನ್ ಇದ್ದಂತೆ. ಸಾಮಾನ್ಯವಾಗಿ ಬಳಸುವುದು ಸುಮಾರು 32 ಮಿಲಿಮೀಟರ್ ಅಗಲ, ಒಂದು ಮಿಲಿಮೀಟರಿನ ಆಸುಪಾಸು ದಪ್ಪ, 22 ಮಿಲಿಮೀಟರಿಗೊಂದು ಹಲ್ಲಿನ ಬ್ಲೇಡು. ಹಲ್ಲಿನ ಬಾಗು 10 ಡಿಗ್ರಿ ಇದ್ದರೆ ಮೆತ್ತನೆಯ ಮರ ಸಲೀಸಾಗಿ ಸೀಳುತ್ತದೆ. ಒಣಗಿದ ಅಕೇಶಿಯಾ, ಮತ್ತಿ, ಹೊನ್ನೆಯಂಥವಕ್ಕೆ 7 ಅಥವಾ 4 ಡಿಗ್ರಿಯದು ನೆಟ್ಟಗೆ ಹೋಗುತ್ತದೆ. ತೇಗ ಮುಟ್ಟಲು ಮೆದುವಾದರೂ ಒಳಗಿನ ಸಿಲಿಕಾ ಹಲ್ಲನ್ನು ಬೇಗ ಮೊಂಡಾಗಿಸುತ್ತದೆ. ತಿಪಟೂರು, ಅರಸೀಕೆರೆ ಕಡೆ ತೆಂಗಿನ ಕಾಂಡ ಕೊಯ್ಯುವ ಆಲೋಚನೆ ಇರುವವರು ಸಾದಾ ಬ್ಲೇಡಿನ ಭರವಸೆಯಲ್ಲಿ ಇಳಿಯಬೇಡಿ. ಅದರ ಹೊರಸುತ್ತು ಕಲ್ಲು, ಒಳಗೆ ಹತ್ತಿ, ಹಲ್ಲಿನ ತುದಿಗೆ ಸ್ಟೆಲೈಟ್ ಎಂಬ ಗಡಸು ಮಿಶ್ರಲೋಹ ಹಾಕಿದ ಬ್ಲೇಡೇ ಬೇಕಾಗುತ್ತದೆ. ರಬ್ಬರ್ ಹಾಲು ಬ್ಲೇಡಿಗೆ ಅಂಟುತ್ತದೆ. ಬ್ಲೇಡಿನ ಮೇಲೆ ನೀರು ಬಿಡುವ ಯಂತ್ರದ ತೊಟ್ಟಿಗೆ ಪಾತ್ರೆ ತೊಳೆಯುವ ದ್ರವ ಸ್ವಲ್ಪ ಬೆರೆಸಿ ಬಿಟ್ಟರೆ ಬಹುತೇಕ ಮರಗಳ ಅಂಟಿಗೆ ಅದು ಸಾಕು.

ಒಂದು ಬ್ಲೇಡನ್ನು ಸಾಣೆ ಹಿಡಿಯದೆ ಒಂದೂವರೆ ಎರಡು ಗಂಟೆಗಿಂತ ಹೆಚ್ಚು ಓಡಿಸಬಾರದು. ಇನ್ನೂ ಸೀಳುತ್ತಿದೆಯಲ್ಲ ಎಂದು ಮುಂದುವರಿಸಿದರೆ ಹಲ್ಲಿನ ಬುಡದ ಕುಳಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಹತ್ತು ಸಲ ಸಾಣೆ ಹಿಡಿಯಬೇಕಾದದ್ದು ಮೂರಕ್ಕೇ ತುಂಡಾಗುತ್ತದೆ. ಸಾಣೆ ಹಿಡಿಯುವಾಗ ತುದಿಯನ್ನು ಮಾತ್ರ ಉಜ್ಜದೆ ಕುಳಿಯ ಒಳಸುತ್ತನ್ನೂ ಪೂರ್ತಿ ಉಜ್ಜಿ ಬರುವ ಯಂತ್ರವೇ ಬೇಕು. ಸಾಣೆಯ ಜೊತೆ ಹಲ್ಲು ಮಣಿಸುವುದೂ ಅಷ್ಟೇ ಮುಖ್ಯ, ಒಂದೊಂದು ಬದಿಗೆ ಸುಮಾರು ಅರ್ಧ ಮಿಲಿಮೀಟರ್. ಒಂದು ಬದಿ ಹೆಚ್ಚು ಮಣಿದರೆ ಬ್ಲೇಡು ಆ ಬದಿಗೇ ಏರುತ್ತದೆ ಇಲ್ಲವೇ ಇಳಿಯುತ್ತದೆ. ಊರಿನ ಸಾ ಮಿಲ್ಲಿನ ಸಾಣೆಯವರು ಅಗಲ ಬ್ಲೇಡಿಗೆ ಒಗ್ಗಿದವರು, ಈ ತೆಳು ಬ್ಲೇಡಿನ ಹದವೇ ಬೇರೆ. ಹಾಗಾಗಿ ಸಾಣೆ ಯಂತ್ರ, ಹಲ್ಲು ಮಣಿಸುವ ಸಾಧನ, ಹತ್ತು ಹನ್ನೆರಡು ಬ್ಲೇಡು, ಇವನ್ನು ಯಂತ್ರದ ಬೆಲೆಯೊಳಗೇ ಸೇರಿಸಿ ಕೊಟೇಶನ್ ಕೇಳಿ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರಗೆಲಸದ ತರಬೇತಿಗಳನ್ನು ನಡೆಸುತ್ತದೆ. ಹುಡುಗನೊಬ್ಬನನ್ನು ಈ ಕಸುಬಿಗೆ ತಯಾರು ಮಾಡಬೇಕೆಂದಿದ್ದರೆ ಅಲ್ಲಿ ವಿಚಾರಿಸಿ.

ಇನ್ನು ಮೊಳೆ. ಬೇಲಿಯಂಚಿನ ಮರದಲ್ಲಿ ಮುಳ್ಳುತಂತಿ, ಮನೆಯಂಚಿನ ಮರದಲ್ಲಿ ಬಟ್ಟೆ ಒಣಗಿಸುವ ಹಗ್ಗದ ಕೊಕ್ಕೆ, ರಸ್ತೆಬದಿಯದರಲ್ಲಿ ಚುನಾವಣೆಯ ಬೋರ್ಡಿನ ಮೊಳೆ. ಮರ ಅದನ್ನೆಲ್ಲ ನುಂಗಿ ಮೇಲೆ ತೊಗಟೆ ಹೊದ್ದುಕೊಂಡಿರುತ್ತದೆ. ದಿಮ್ಮಿಯ ತುದಿಯಲ್ಲಿ ನೀಲಿಗಪ್ಪು ಕಲೆ ಕಂಡರೆ ಒಳಗೆ ಕಬ್ಬಿಣ ಇದೆ ಎಂದೇ ತಿಳಿಯಿರಿ. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಒಂದು ಬ್ಲೇಡು ಉಳಿಸಿದರೂ ಅದರ ದುಡ್ಡು ಬಹುಪಾಲು ಬಂದ ಹಾಗೆ. ಬೇರೆಯವರ ಮರ ಕೂಲಿಗೆ ಕೊಯ್ಯುವಾಗ ‘ಮೊಳೆ ಸಿಕ್ಕಿದರೆ ಬ್ಲೇಡಿನ ದುಡ್ಡು ಮರದವರದು’ ಎಂದು ಮೊದಲೇ ಮಾತಾಡಿಕೊಳ್ಳಿ. ಕೊನೆಯಲ್ಲಿ ಹೇಳಿದರೆ ಜಗಳ.

ಹಂತ 7: ಯಂತ್ರದ ಮುಂದೆ ನಿಂತಾಗ

ಬ್ಲೇಡು ಸುತ್ತುವ ಚಕ್ರ ದೊಡ್ಡದಿದ್ದಷ್ಟೂ ಬ್ಲೇಡು ಬಳುಕುವುದು ಕಡಿಮೆ, ಬಾಳಿಕೆ ಹೆಚ್ಚು. 19 ಇಂಚಿನ ಚಕ್ರ ಈ ವರ್ಗದಲ್ಲಿ ನೆಮ್ಮದಿಯ ಅಳತೆ. ಬ್ಲೇಡಿನ ಬಿಗಿತ ತೋರಿಸುವ ಮಾಪಕ ಇದೆಯೇ, ಗೈಡ್ ತೋಳನ್ನು ದಿಮ್ಮಿಯ ಅಗಲಕ್ಕೆ ತಕ್ಕಂತೆ ಸರಿಸಬಹುದೇ ನೋಡಿ. ತಲೆಯನ್ನು ಒಂದೇ ಕಂಬ ಹೊತ್ತ ಮಾದರಿಗಳು, ನಾಲ್ಕು ಕಂಬದವು ಎರಡೂ ಇವೆ. ನಾನು ಕಂಬ ಎಣಿಸುವ ಬದಲು ತಲೆಯ ತುದಿ ಹಿಡಿದು ಜೋರಾಗಿ ಅಲುಗಾಡಿಸಿ ನೋಡುತ್ತೇನೆ. ಅಲ್ಲಿ ಆಡಿದರೆ ಹಲಗೆಯಲ್ಲೂ ಆಡುತ್ತದೆ.

ಬೇರಿಂಗಿನ ನಂಬರ್, ಬೆಲ್ಟಿನ ನಂಬರ್ ಬರೆದುಕೊಂಡು ಹಾಸನದಲ್ಲೋ ಶಿವಮೊಗ್ಗದಲ್ಲೋ ಅಂಗಡಿಯವರಿಗೆ ತೋರಿಸಿ. ಸಿಗುತ್ತದೆ ಎಂದರೆ ಅರ್ಧ ಸರ್ವಿಸ್ ನಿಮ್ಮ ಕೈಯಲ್ಲೇ ಇದೆ. ವಿದೇಶದಿಂದಲೇ ತರಿಸಬೇಕಾದ ಬಿಡಿಭಾಗ ಯಾವುದು, ಬರಲು ಎಷ್ಟು ದಿನ, ಅದನ್ನು ಮಾರುವವರಿಂದ ಬರೆಸಿಕೊಳ್ಳಿ. ಹಲವು ಕಂಪನಿಗಳ ಯಂತ್ರ ಒಂದೇ ಕಡೆ ನೋಡಬೇಕೆಂದರೆ ಬೆಂಗಳೂರಿನ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಇಂಡಿಯಾವುಡ್ ಮೇಳ ಒಳ್ಳೆಯ ಜಾಗ. ಆದರೆ ಅಲ್ಲಿ ಕೊಯ್ದು ತೋರಿಸುವ ಮರ ನಯವಾದದ್ದು, ನೇರವಾದದ್ದು. ಕೊಳ್ಳುವ ತೀರ್ಮಾನಕ್ಕೆ ಅದು ಸಾಲದು.

ನಿಮ್ಮದೇ ಎರಡು ದಿಮ್ಮಿಯನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಹೋಗಿ. ಒಂದು ಗಂಟುಗಂಟಾದ ಅಕೇಶಿಯಾ ಇರಲಿ. ಹತ್ತಿಸುವುದರಿಂದ ಹಿಡಿದು ಕೊನೆಯ ಹಲಗೆ ಇಳಿಯುವವರೆಗೆ ಗಡಿಯಾರ ನೋಡಿ. ಹೊರಳಿಸುವ ಕೆಲಸವನ್ನು ಅವರ ಪಳಗಿದ ಹುಡುಗನಿಗೆ ಬಿಡದೆ ನಿಮ್ಮವನಿಂದ ಮಾಡಿಸಿ. ಆಮೇಲೆ ಒಂದು ಹಲಗೆಯನ್ನು ಎರಡು ತುದಿ, ನಡುವೆ, ಗಂಟಿನ ಪಕ್ಕ ಕ್ಯಾಲಿಪರ್ ಇಟ್ಟು ಅಳೆಯಿರಿ. ಒಂದು ಮಿಲಿಮೀಟರಿನೊಳಗೆ ಹೆಚ್ಚುಕಮ್ಮಿ ಇದ್ದರೆ ಸರಿ. ಗಂಟಿನ ಹತ್ತಿರ ಅಲೆಯೆದ್ದಿದ್ದರೆ ಬ್ಲೇಡಿನ ಬಿಗಿತ ಇಲ್ಲವೇ ಗೈಡ್ ಸರಿಯಿಲ್ಲ, ಸರಿಪಡಿಸಿ ಮತ್ತೆ ಕೊಯ್ದು ತೋರಿಸಿ ಎನ್ನಿ. ಮೊಂಡು ಬ್ಲೇಡು ಎಂಬ ನೆಪ ಹೇಳಿದರೆ ಹೊಸದು ಹಾಕಿಸಿ ನೋಡಿ.

ಸಾಗಿಸುವ ವಿಚಾರದಲ್ಲಿ ವಿದೇಶಿ ವಿಡಿಯೊಗಳಿಗೆ ಮರುಳಾಗಬೇಡಿ. ಅಲ್ಲಿ ಕಾರಿನ ಹಿಂದೆ ಕಟ್ಟಿ ಹೆದ್ದಾರಿಯಲ್ಲಿ ಎಳೆದೊಯ್ಯುತ್ತಾರೆ. ನಮ್ಮ ತೋಟದ ರಸ್ತೆಯ ತಿರುವಿನಲ್ಲಿ ಆರು ಮೀಟರಿನ ಟ್ರೈಲರ್ ತಿರುಗುತ್ತದೆಯೇ ಎಂದು ಮೊದಲು ನೋಡಿ. ಬಿಚ್ಚಿ ಪಿಕಪ್ಪಿಗೆ ಹಾಕಬಹುದಾದ ಯಂತ್ರವೇ ಬಹಳ ಜನಕ್ಕೆ ಒಗ್ಗುತ್ತದೆ. ಆದರೆ ಬಿಚ್ಚಿದ ಪ್ರತಿ ಸಲವೂ ಬೆಡ್ಡನ್ನು ಮಟ್ಟ ಮಾಡಬೇಕು. ಕಾಲುಗಳ ಕೆಳಗೆ ದಪ್ಪ ಹಲಗೆ, ಪೈಪಿನಲ್ಲಿ ನೀರು ತುಂಬಿ ಮಟ್ಟ, ಉದ್ದಕ್ಕೂ ದಾರ, ಇಷ್ಟಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಅರ್ಧ ದಿನದ ಕೆಲಸಕ್ಕೆ ಗಾಡಿ ಕಟ್ಟುವುದು ಗಿಟ್ಟುವುದಿಲ್ಲ. ಕನಿಷ್ಠ ಎಷ್ಟು ಸಿಎಫ್‌ಟಿ ಇದ್ದರೆ ಬರುತ್ತೇವೆ ಎಂಬುದನ್ನು ಗೊತ್ತು ಮಾಡಿಕೊಂಡು ಫೋನಿನಲ್ಲೇ ಹೇಳಿ.

ಹಂತ 8: ಚೀಟಿಯ ಹಿಂದೆ ಹಾಕುವ ಲೆಕ್ಕ

ಕೆಳಗಿನ ದರಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು, ನಿಮ್ಮ ಊರಿನವನ್ನು ಹಾಕಿಕೊಳ್ಳಿ. ಯಂತ್ರ, ಸಾಣೆ ಸಲಕರಣೆ, ತೆರಿಗೆ ಎಲ್ಲ ಸೇರಿ 9 ಲಕ್ಷ ರೂಪಾಯಿ, ಬಾಳಿಕೆ ಐದು ವರ್ಷ ಎನ್ನೋಣ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದೊಳಗೆ ಗಾಡಿ ಇಳಿಯುವುದಿಲ್ಲ, ಕಾಫಿ ಕೊಯ್ಲಿನಲ್ಲಿ ಆಳು ಸಿಗುವುದಿಲ್ಲ. ವರ್ಷಕ್ಕೆ 180 ದಿನ ಸಿಕ್ಕಿದರೆ ಪುಣ್ಯ. ದಿನಕ್ಕೆ 1,000 ರೂಪಾಯಿ ಯಂತ್ರದ ಪಾಲು. ದಿನಕ್ಕೆ 50 ಸಿಎಫ್‌ಟಿ ಕೊಯ್ದರೆ ಘನ ಅಡಿಗೆ 20 ರೂಪಾಯಿ. ಮೂರು ಆಳಿಗೆ 800ರಂತೆ 2,400 ರೂಪಾಯಿ, ಅಡಿಗೆ 48. ಇದರ ಮೇಲೆ ಇಂಧನ, ಬ್ಲೇಡು, ಸಾಗಣೆ, ಬಡ್ಡಿ. ಯಂತ್ರಕ್ಕಿಂತ ಆಳಿನ ಖರ್ಚು ಎರಡು ಪಟ್ಟಿಗೂ ಹೆಚ್ಚು ಎಂಬುದನ್ನು ಗಮನಿಸಿ. ಹೊರಳಿಸುವ ವ್ಯವಸ್ಥೆಗೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟರೆ ಅದೇ ಬಾಳಿಕೆಯಲ್ಲಿ ದಿನಕ್ಕೆ 167 ರೂಪಾಯಿ ಬೀಳುತ್ತದೆ. ಅದರಿಂದ ಮೂವರ ಜಾಗದಲ್ಲಿ ಇಬ್ಬರು ಸಾಕಾದರೆ 800 ಉಳಿಯುತ್ತದೆ. ಅದೇ ಒಂದೂವರೆ ಲಕ್ಷವನ್ನು ದೊಡ್ಡ ಎಂಜಿನ್ನಿಗೆ ಸುರಿದರೆ ಆಳು ಮೂವರೇ.

ದಿನಗಳನ್ನು 180ರಿಂದ 90ಕ್ಕೆ ಇಳಿಸಿ ಒಮ್ಮೆ ಲೆಕ್ಕ ಹಾಕಿ. ಆಗ ಯಂತ್ರದ ಪಾಲು ಅಡಿಗೆ 40 ಆಗುತ್ತದೆ. ಊರ ಮಿಲ್ಲಿನ ಕೊಯ್ಯುವ ಕೂಲಿ ಮತ್ತು ಲಾರಿ ಬಾಡಿಗೆ ಸೇರಿಸಿದರೂ ನಿಮ್ಮ ಖರ್ಚಿಗಿಂತ ಕಡಿಮೆ ಬಂದರೆ, ಸದ್ಯಕ್ಕೆ ಊರ ಮಿಲ್ಲೇ ಲೇಸು.

ಸೆಕೆಂಡ್‌ಹ್ಯಾಂಡ್ ಸಿಕ್ಕಿತೆಂದರೆ ಎಂಜಿನ್ನಿನ ಗಂಟೆ ನೋಡುವುದಕ್ಕಿಂತ ಹಳಿಯ ಉದ್ದಕ್ಕೂ ದಾರ ಹಿಡಿದು ನೋಡುವುದು ಮೇಲು. ಎಂಜಿನ್ ಬದಲಿಸಬಹುದು, ದಿಮ್ಮಿ ಬಿದ್ದು ತಿರುಚಿಕೊಂಡ ಬೆಡ್ಡನ್ನು ನೆಟ್ಟಗೆ ಮಾಡುವುದು ಕಷ್ಟ.

ಹಂತ 9: ಮನೆಗೆ ತಂದ ದಿನ

ಬ್ಲೇಡಿನ ಕವಚ ತೆರೆದು ಓಡಿಸುವ ಯಂತ್ರ ಹತ್ತಿರವೂ ಬೇಡ. ಕವಚ ತೆರೆದರೆ ತಾನೇ ನಿಲ್ಲುವ ಸ್ವಿಚ್ ಇದೆಯೇ ಎಂದು ಪರೀಕ್ಷಿಸಿ. ತುಂಡಾದ ಬ್ಲೇಡು ಹಾವಿನಂತೆ ಹೊರಬರುವುದು ಬ್ಲೇಡಿನ ಉದ್ದದ ದಿಕ್ಕಿನಲ್ಲಿ, ಅಂದರೆ ದಿಮ್ಮಿಗೆ ಅಡ್ಡಲಾಗಿ, ಆ ಸಾಲಿನಲ್ಲಿ ಯಾರನ್ನೂ ನಿಲ್ಲಿಸಬೇಡಿ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಸಿಲ್ವರ್ ಓಕ್ ಹೊಟ್ಟು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಅಂಥವರನ್ನು ಹಲಗೆ ಎತ್ತುವ ಕಡೆಗೆ ಹಾಕದೆ ಯಂತ್ರ ತಳ್ಳುವ ಕಡೆಗೆ ಹಾಕಿ. ಸಂಜೆ ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿತ ಸಡಿಲಿಸಿಯೇ ಮನೆಗೆ ಹೋಗುವುದು, ಬ್ಲೇಡಿಗೂ ಬೇರಿಂಗಿಗೂ ಅದು ಒಳ್ಳೆಯದು.

ಮೊದಲ ವಾರ ಗಿರಾಕಿಯ ಮರ ಮುಟ್ಟಬೇಡಿ. ನಿಮ್ಮದೇ ತೋಟದ ಡೊಂಕು ಸಿಲ್ವರ್ ನಾಲ್ಕು ಹತ್ತಿಸಿ, ಕೊಯ್ದ ಪ್ರತಿ ಹಲಗೆಯ ತುದಿಯಲ್ಲಿ ಬ್ಲೇಡಿನ ನಂಬರನ್ನೂ ದಪ್ಪವನ್ನೂ ಸೀಮೆಸುಣ್ಣದಲ್ಲಿ ಬರೆಯಿರಿ. ಆ ಹಲಗೆಗಳನ್ನು ನಡುವೆ ರೀಪು ಕೊಟ್ಟು ನೆರಳಲ್ಲಿ ಒಟ್ಟಿಡಿ. ಯಾವ ಬ್ಲೇಡು ಮೇಲೇರುತ್ತದೆ, ಯಾವುದು ಇಳಿಯುತ್ತದೆ ಎಂಬುದನ್ನು ಆ ರಾಶಿಯ ತುದಿ ನೋಡಿಯೇ ಹೇಳಬಹುದು.